ಫ್ಯೂ ಎಂದರೆ ಎಷ್ಟು?

ಕೇಳುಗರಿಗೆಲ್ಲ ನಮಸ್ಕಾರ. ಹುಳಿಗೆ ತರಕಾರಿ ಹೆಚ್ಚುತ್ತಾ ರೇಡಿಯೊ ಹಾಕಿಕೊಂಡಿರುವವರು, ನಾಳಿನ ಪರೀಕ್ಷೆಗೆ ಓದುತ್ತಿರುವವರು, ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಕಿರಿಯ ಶಿಕ್ಷಕರು, ನಿಮ್ಮನ್ನೆಲ್ಲ ಎದುರಿಗೆ ಕೂರಿಸಿಕೊಂಡಂತೆ ಭಾವಿಸಿ ಮಾತನಾಡುತ್ತಿದ್ದೇನೆ. ನಾನು 32 ವರ್ಷ ಇಂಗ್ಲಿಷ್ ಪಾಠ ಹೇಳಿದವನು. ಅಷ್ಟು ವರ್ಷಗಳಲ್ಲಿ ನನ್ನ ಕೆಂಪು ಶಾಯಿ ಅತಿ ಹೆಚ್ಚು ಖರ್ಚಾದದ್ದು ನಾಲಗೆ ತಿರುಗದ ಯಾವ ಪದಕ್ಕೂ ಅಲ್ಲ, ಮೂರಕ್ಷರದ ‘ಫ್ಯೂ’ಗೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಅದಕ್ಕೆ ಮೊದಲು ಬರಬೇಕಾದ ಅಥವಾ ಬರಬಾರದ ‘ಎ’ ಎಂಬ ಒಂದಕ್ಷರಕ್ಕೆ.

ಇವತ್ತು ನಾನು ಹೇಳುವುದು ಒಂದೇ ಮಾತು. ‘ಎ ಫ್ಯೂ’ ಎಂದರೆ ಕೆಲವು ಇವೆ. ಬರೀ ‘ಫ್ಯೂ’ ಎಂದರೆ ಇಲ್ಲವೆನ್ನುವಷ್ಟು ಕಡಿಮೆ. ‘ಎ’ ಇದ್ದರೆ ಉಂಟು, ‘ಎ’ ಬಿಟ್ಟರೆ ಕೊರತೆ. ಬರೆದುಕೊಳ್ಳಿ. ಪೆನ್ನು ಹತ್ತಿರವಿಲ್ಲದವರು ಎರಡು ಸಲ ಬಾಯಲ್ಲಿ ಹೇಳಿಕೊಳ್ಳಿ.

ಹೊಸ ಊರಿಗೆ ಕೆಲಸಕ್ಕೆ ಹೋದ ಮಗ ಅಕ್ಕನಿಗೆ ಒಂದು ಸಾಲು ಬರೆಯುತ್ತಾನೆ: ‘ಐ ಹ್ಯಾವ್ ಎ ಫ್ಯೂ ಫ್ರೆಂಡ್ಸ್ ಹಿಯರ್.’ ಮನೆಯವರು ನೆಮ್ಮದಿಯಾಗಿ ಮಲಗಬಹುದು. ಅದೇ ಹುಡುಗ ‘ಐ ಹ್ಯಾವ್ ಫ್ಯೂ ಫ್ರೆಂಡ್ಸ್ ಹಿಯರ್’ ಎಂದು ಬರೆದರೆ, ಕಷ್ಟಸುಖ ಹೇಳಿಕೊಳ್ಳಲು ಅವನಿಗೆ ಅಲ್ಲಿ ಜನವಿಲ್ಲ. ಯಾರಾದರೂ ರಾತ್ರಿ ಬಸ್ಸಿಗೆ ಹೊರಡುವುದು ಒಳ್ಳೆಯದು. ಎರಡೂ ಸಾಲಿನಲ್ಲಿ ಗೆಳೆಯರು ಅದೇ ಮೂವರು ಇರಬಹುದು. ಒಂದು ಸಲ ಇದ್ದವರನ್ನು ಎಣಿಸಿದ್ದಾನೆ, ಇನ್ನೊಂದು ಸಲ ಇಲ್ಲದವರನ್ನು.

ಕನ್ನಡದಲ್ಲಿ ‘ಎ’, ‘ದಿ’ ಎಂಬ ಬಾಲಗಳಿಲ್ಲ. ಆದ್ದರಿಂದ ಇಂಗ್ಲಿಷ್ ಬರೆಯುವಾಗ ನಾವು ಅವನ್ನು ಧಾರಾಳವಾಗಿ ನುಂಗುತ್ತೇವೆ. ‘ಐ ಬಾಟ್ ಪೆನ್’ ಎಂದರೆ ವ್ಯಾಕರಣ ಕೆಡುತ್ತದೆ, ಪೆನ್ನು ಮಾತ್ರ ಕೈಗೆ ಬಂದಿರುತ್ತದೆ. ಫ್ಯೂ ಹತ್ತಿರ ಈ ಆಟ ನಡೆಯುವುದಿಲ್ಲ. ಅಲ್ಲಿ ‘ಎ’ ನುಂಗಿದರೆ ಅರ್ಥವೇ ಮಗುಚಿಕೊಳ್ಳುತ್ತದೆ.

ನನಗೆ ಸಿಟ್ಟು ಬರುವುದು ಏಕೆಂದರೆ, ಈ ಸೂಕ್ಷ್ಮ ನಮಗೆ ಹೊಸದೇನೂ ಅಲ್ಲ. ‘ಮದುವೆಗೆ ಕೆಲವರು ಬಂದಿದ್ದರು’ ಎನ್ನುತ್ತೇವೆ. ‘ಬಂದವರು ಕೆಲವರೇ’ ಎಂದೂ ಎನ್ನುತ್ತೇವೆ. ಎರಡನೆಯದನ್ನು ಕೇಳಿದೊಡನೆ ಖಾಲಿ ಕುರ್ಚಿಗಳು, ಉಳಿದುಹೋದ ಅಡಿಗೆ, ಬೀಗರ ಮುಖ ಎಲ್ಲ ಕಣ್ಣಿಗೆ ಕಟ್ಟುತ್ತವೆ. ಮಾಡಿದ್ದು ಏನು? ಕೊನೆಗೆ ಒಂದು ‘ಏ’ ಹಚ್ಚಿದ್ದು. ಅವರಲ್ಲಿ ‘ಎ’ ಬಂದರೆ ಹಿಗ್ಗು, ನಮ್ಮಲ್ಲಿ ‘ಏ’ ಬಂದರೆ ಕುಗ್ಗು. ಬರೆಯುವ ಮುನ್ನ ಕನ್ನಡದಲ್ಲಿ ಹೇಳಿ ನೋಡಿ. ‘ಕೆಲವು’ ಎಂದು ಬಂತೇ, ‘ಎ’ ಇಡಿ. ‘ಕೆಲವೇ’ ಎಂದು ಬಂತೇ, ‘ಎ’ ಬಿಡಿ.

ಇಲ್ಲಿ ಒಂದು ಕಥೆ ಹೇಳಲೇಬೇಕು. 1980ರ ದಶಕದ ಮಾತು. ಬಿ.ಎ. ಮುಗಿಸಿದ ನನ್ನ ಶಿಷ್ಯನೊಬ್ಬ ಗುಮಾಸ್ತೆ ಕೆಲಸಕ್ಕೆ ಅರ್ಜಿ ಹಾಕಿದ್ದ. ನಡತೆಯ ಪ್ರಮಾಣಪತ್ರ ಬೇಕಿತ್ತು. ಬಂಗಾರದಂಥ ಹುಡುಗ. ನಾನು ಉಮೇದಿನಿಂದ ಅರ್ಧ ಪುಟ ಬರೆದು, ಕೊನೆಗೆ ‘ಹಿ ಹ್ಯಾಸ್ ಫ್ಯೂ ಫಾಲ್ಟ್ಸ್’ ಎಂದು ಸೇರಿಸಿದೆ. ಹುಡುಕಿದರೂ ದೋಷ ಸಿಗುವುದು ಕಷ್ಟ ಎಂದು ಅರ್ಥ. ಕಾಲೇಜಿನ ಬೆರಳಚ್ಚುಗಾರರೂ ನನ್ನ ಹಳೆಯ ಶಿಷ್ಯರೇ. ‘ಎ’ ನುಂಗಿದ್ದಕ್ಕೆ ತರಗತಿಯಲ್ಲಿ ನನ್ನಿಂದ ಚೆನ್ನಾಗಿ ಬೈಸಿಕೊಂಡವರು. ನನ್ನ ಕೈಬರಹದಲ್ಲೇ ‘ಎ’ ಇಲ್ಲದ್ದು ಅವರ ಕಣ್ಣಿಗೆ ಬಿತ್ತು. ಮೇಷ್ಟರಿಗೆ ವಯಸ್ಸಾಯಿತು ಎಂದುಕೊಂಡರೋ ಏನೋ, ಗುರುದಕ್ಷಿಣೆ ಸಲ್ಲಿಸುವಂತೆ ಒಂದು ‘ಎ’ ಸೇರಿಸಿ, ಕಾರ್ಬನ್ ಇಟ್ಟು ಎರಡು ಪ್ರತಿ ಹೊಡೆದರು. ನಾನು ಓದದೆ ರುಜು ಹಾಕಿದೆ. ಅದರ ಮೇಲೆ ನೇರಳೆ ಮೊಹರು ಬಿತ್ತು.

ಸಂದರ್ಶನದಲ್ಲಿ ನಡುವೆ ಕುಳಿತಿದ್ದ ಹಿರಿಯರು ಕಾಗದ ಓದಿ, ಕನ್ನಡಕ ತೆಗೆದು, ‘ಏನಪ್ಪಾ, ನಿನ್ನಲ್ಲಿ ಕೆಲವು ದೋಷಗಳಿವೆ ಎಂದು ನಿಮ್ಮ ಮೇಷ್ಟರೇ ಬರೆದಿದ್ದಾರಲ್ಲ, ಯಾವುವು ಅವು?’ ಎಂದರಂತೆ. ಬೇರೆ ಹುಡುಗನಾಗಿದ್ದರೆ ಏನಾದರೂ ಹೇಳಿ ಜಾರಿಕೊಳ್ಳುತ್ತಿದ್ದ. ಇವನು, ಮೇಷ್ಟರ ಮಾತು ಸುಳ್ಳಾಗಬಾರದೆಂದು, ಬೆರಳು ಮಡಚಿ ಎಣಿಸಲು ಶುರು ಮಾಡಿದ. ಬೆಳಿಗ್ಗೆ ಬೇಗ ಏಳುವುದಿಲ್ಲ. ಲೆಕ್ಕ ಮಾಡುವಾಗ ದಶಮಾಂಶದ ಚುಕ್ಕೆ ಆಚೀಚೆ ಆಗುತ್ತದೆ. ಅಕ್ಷರ ಅಷ್ಟು ದುಂಡಗಿಲ್ಲ. ಗುಮಾಸ್ತೆ ಕೆಲಸಕ್ಕೆ ಇನ್ನೇನು ಉಳಿಯಿತು ಹೇಳಿ! ಸಂಜೆ ಬಸ್ಸಿಳಿದು ನೇರವಾಗಿ ನಮ್ಮ ಮನೆಗೆ ಬಂದ. ಜಗಲಿಯ ಮೇಲೆ ಚಪ್ಪಲಿ ಬಿಡುತ್ತಾ ಕೇಳಿದ ಮೊದಲ ಮಾತು: ‘ಸಾರ್, ಮೂರು ಹೇಳಿದೆ. ಕೆಲವು ಎಂದರೆ ಮೂರು ಸಾಕಲ್ಲವೇ ಸಾರ್?’

ಕಾರ್ಬನ್ ಪ್ರತಿ ತೆಗೆದು ನೋಡಿದೆ. ನೀಲಿಯಾಗಿ, ಸ್ಪಷ್ಟವಾಗಿ, ‘ಎ’ ಕುಳಿತಿತ್ತು. ಆ ಕೆಲಸ ಹೋಯಿತು. ಮರುವರ್ಷ ಬೇರೆ ಕಡೆ ಸಿಕ್ಕಿತು. ಆ ಸಲದ ಪ್ರಮಾಣಪತ್ರವನ್ನು ನಾನೇ ಕೈಯಾರೆ ಬರೆದುಕೊಟ್ಟೆ. ದೋಷದ ಸುದ್ದಿಯನ್ನೇ ಎತ್ತಲಿಲ್ಲ.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಓಡಿಸುತ್ತೇನೆ.

ಮೂರು ಸಾಕೇ ಎಂದ ಹುಡುಗನಿಗೆ ಉತ್ತರ: ಫ್ಯೂಗೆ ಸಂಖ್ಯೆ ಇಲ್ಲ. 1940ರ ಆಗಸ್ಟ್ 20ರಂದು ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ಸಂಸತ್ತಿನಲ್ಲಿ ಜರ್ಮನಿಯ ವಿಮಾನಗಳನ್ನು ಆಕಾಶದಲ್ಲೇ ಎದುರಿಸುತ್ತಿದ್ದ ತಮ್ಮ ವಾಯುಪಡೆಯವರನ್ನು ಹೊಗಳುತ್ತಾ, ಇಷ್ಟೊಂದು ಜನ ಇಷ್ಟು ಕಡಿಮೆ ಜನರಿಗೆ ಇಷ್ಟು ದೊಡ್ಡ ಋಣ ಹೊತ್ತದ್ದು ಯಾವ ಯುದ್ಧದಲ್ಲೂ ಇಲ್ಲ ಎಂದರು. ಆ ಇಂಗ್ಲಿಷ್ ವಾಕ್ಯದ ಕೊನೆಯ ಪದ ‘ಫ್ಯೂ’. ಆ ಕದನದಲ್ಲಿ ಹಾರಿದವರು 3000ಕ್ಕೆ ಹತ್ತಿರ. ಅಲ್ಲಿ ಇಂದಿಗೂ ಅವರ ಹೆಸರು ‘ದಿ ಫ್ಯೂ’. ಎದುರಿಗೆ ಇಡೀ ದೇಶವನ್ನು ಇಟ್ಟು ನೋಡಿದರೆ ಮೂರು ಸಾವಿರವೂ ಬೆರಳೆಣಿಕೆಯೇ.

ಪದದ ವಂಶವನ್ನೂ ಹೇಳಿಬಿಡುತ್ತೇನೆ. ಲ್ಯಾಟಿನ್ನಿನ ‘ಪೌಕುಸ್’ ಇದರ ದಾಯಾದಿ. ಬಡವ ಎಂಬ ಅರ್ಥದ ‘ಪೂರ್’ ಕೂಡ ಅದೇ ಬಳ್ಳಿಯದು. ನಮ್ಮ ಹಳಗನ್ನಡದ ಪಾಲು ಹಾಲಾದಂತೆ ಅವರ ‘ಪ’ಕಾರ ‘ಫ’ಕಾರವಾಯಿತು. ಬರೀ ಫ್ಯೂವಿಗೆ ಬಡತನದ ವಾಸನೆ ಹುಟ್ಟಿನಿಂದಲೇ ಅಂಟಿದೆ. ಅದನ್ನು ತೊಳೆಯುವುದಕ್ಕೇ ‘ಎ’ ಬೇಕು.

‘ಕ್ವೈಟ್ ಎ ಫ್ಯೂ’ ಎಂದರೆ ಸಾಕಷ್ಟು ಜನ. ಏಕೆ ಎಂದು ಕೇಳಬೇಡಿ, ಸಮಯವಿಲ್ಲ. ಅಲ್ಲೂ ‘ಎ’ ಇದೆ, ಅಷ್ಟು ಗಮನಿಸಿ. ಹಾಲು, ನೀರು, ಸಕ್ಕರೆಯಂಥ ಎಣಿಸಲಾಗದ ಪದಾರ್ಥಕ್ಕೆ ಫ್ಯೂ ಬದಲು ‘ಲಿಟಲ್’, ನಿಯಮ ಅದೇ. ಡಬ್ಬಿಯಲ್ಲಿ ‘ಎ ಲಿಟಲ್ ಶುಗರ್’ ಇದ್ದರೆ ಕಾಫಿಗೆ ನೀರಿಡಿ. ‘ಲಿಟಲ್ ಶುಗರ್’ ಎಂದರೆ ಯಾರನ್ನಾದರೂ ಅಂಗಡಿಗೆ ಕಳುಹಿಸಿ. ನಮಸ್ಕಾರ.