ಕೆತ್ತಿದ್ದು ಬಿಳಿ, ಬಿಟ್ಟಿದ್ದು ಕಪ್ಪು

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಡೆಕಾಯಿ ಅಚ್ಚು ನೆನಪಿದೆಯಾ? ತೊಟ್ಟಿನ ಕಡೆ ಕತ್ತರಿಸಿ, ಶಾಯಿಯಲ್ಲಿ ಅದ್ದಿ, ನೋಟುಬುಕ್ಕಿನ ಮೇಲೆ ಒತ್ತಿದರೆ ಒಂದು ಹೂವು. ಬೀದರ್ ಜಿಲ್ಲೆಯ ಶಾಲೆಗಳಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮಾಸ್ತರನಾಗಿದ್ದವನು ನಾನು. ಬಣ್ಣಕ್ಕೆ ದುಡ್ಡಿಲ್ಲದ ಕಡೆ ಬೆಂಡೆಕಾಯಿಯೇ ನನ್ನ ಪ್ರೆಸ್ಸು. ಒಂದು ಸಲ ಒಬ್ಬ ಹುಡುಗ ಆಲೂಗಡ್ಡೆಯಲ್ಲಿ ತನ್ನ ಹೆಸರು ಕೊರೆದ. ಒತ್ತಿದರೆ ಅಕ್ಷರವೆಲ್ಲ ಉಲ್ಟಾ ಬಿತ್ತು. ಕ್ಲಾಸಿಗೆ ಕ್ಲಾಸೇ ನಕ್ಕಿತು. "ಸರ್, ನಾ ಬರೋಬ್ಬರಿ ಕೊರ್ದೀನ್ರಿ" ಅಂತ ಅಳುಮುಖ ಮಾಡಿದ. ಬರೋಬ್ಬರಿ ಕೊರೆದದ್ದೇ ತಪ್ಪಾಗಿತ್ತು, ಪಾಪ.

ಆ ಹುಡುಗ ನನಗೆ ಮತ್ತೆ ನೆನಪಾದದ್ದು ನೆದರ್‌ಲ್ಯಾಂಡ್ಸ್ ದೇಶದ ಹೇಗ್ ಊರಿನಲ್ಲಿ. ಮಗಳು, ಅಳಿಯ ಆ ಕಡೆ ಕೆಲಸಕ್ಕಿದ್ದಾರೆ. ನಾನು ಒಂದು ತಿಂಗಳು ಹೋಗಿದ್ದೆ. ಒಂದು ದಿನ ಮಳೆ. ಮಗಳು ಅಂದಳು, "ಅಪ್ಪಾ, ನಿಮಗ ಸೇರೋ ಜಾಗ ಒಂದ್ ಅದ, ನಡೀರಿ." ಕರೆದುಕೊಂಡು ಹೋದದ್ದು ಒಂದು ಹಳೇ ಅರಮನೆಗೆ. ಎಮ್ಮಾ ಎಂಬ ರಾಣಿ ಚಳಿಗಾಲದಲ್ಲಿ ಇರುತ್ತಿದ್ದ ಮನೆ. 2002ರಿಂದ ಅದು ಒಬ್ಬನೇ ಕಲಾವಿದನ ಮ್ಯೂಸಿಯಂ. ಅವನ ಹೆಸರು ಎಂ.ಸಿ. ಎಶರ್. ಹುಟ್ಟಿದ್ದು 1898ರಲ್ಲಿ, ತೀರಿಕೊಂಡದ್ದು 1972ರಲ್ಲಿ. ಕ್ಯಾನ್ವಾಸು, ಎಣ್ಣೆ ಬಣ್ಣ ಅವನ ದಾರಿಯಲ್ಲ. ಅಚ್ಚು ಕೊರೆದು ಕಾಗದದ ಮೇಲೆ ಒತ್ತುವವನು. ಮರದಚ್ಚು, ಕಲ್ಲಚ್ಚು ಎಲ್ಲ ಸೇರಿ 448.

ಒಳಗೆ ಬೆಳಕು ಮಂದ. ಕಾಗದ ಬೆಳಕಿಗೆ ಹಾಳಾಗುತ್ತದೆ, ಅದಕ್ಕೆ. ಚಿತ್ರಗಳೂ ಅಷ್ಟೇನೂ ದೊಡ್ಡವಲ್ಲ. ಹತ್ತಿರ ಹೋಗಿ ಮೂಗು ತಾಗುವಷ್ಟು ಬಗ್ಗಿಯೇ ನೋಡಬೇಕು. ಮೇಲೆ ಗಾಜಿನ ದೊಡ್ಡ ದೊಡ್ಡ ತೂಗುದೀಪಗಳು, ಒಂದು ಶಾರ್ಕ್ ಮೀನಿನ ಆಕಾರ, ಒಂದು ತಲೆಬುರುಡೆ. ಈಗಿನ ಕಲಾವಿದರೊಬ್ಬರು ಮಾಡಿದ್ದಂತೆ. ನನಗೆ ಸೇರಲಿಲ್ಲ. ಬಗ್ಗಿ ನೋಡುವವನ ಕಣ್ಣನ್ನು ಸುಮ್ನೆ ಮೇಲಕ್ಕೆ ಎಳೆಯುತ್ತವೆ.

ಬೇರೆ ಮ್ಯೂಸಿಯಂಗಳಲ್ಲಿ ಒಬ್ಬರದು ಎರಡು ಚಿತ್ರ, ಇನ್ನೊಬ್ಬರದು ಮೂರು. ಎಲ್ಲ ಒಳ್ಳೊಳ್ಳೆಯವೇ ಇರುತ್ತವೆ. ಎಲ್ಲರೂ ಹುಟ್ಟುತ್ತಲೇ ಕಲಿತುಬಂದವರ ಹಾಗೆ ಕಾಣುತ್ತಾರೆ. ಇಲ್ಲಿ ಹಾಗಲ್ಲ. ಒಬ್ಬ ಮನುಷ್ಯ ಎಲ್ಲಿ ತಡವರಿಸಿದ, ಎಲ್ಲಿ ದಾರಿ ಬದಲಿಸಿದ, ಕೋಣೆಯಿಂದ ಕೋಣೆಗೆ ಗೊತ್ತಾಗುತ್ತದೆ. ಮೊದಲ ಗೋಡೆಗಳ ತುಂಬ ಇಟಲಿಯ ಊರುಗಳು. ಗುಡ್ಡದ ಮೇಲೆ ಒಂದರ ಹೆಗಲ ಮೇಲೊಂದು ಕೂತ ಮನೆಗಳು. ಚೆನ್ನಾಗಿವೆ. ಆದರೆ ಜಗತ್ತು ಇವನನ್ನು ನೆನಪಿಟ್ಟುಕೊಂಡದ್ದು ಇವುಗಳಿಂದಲ್ಲ. ಎಶರ್ ಆಗ ಇದ್ದದ್ದು ಇಟಲಿಯಲ್ಲೇ, ಸರ್ವಾಧಿಕಾರಿ ಮುಸೊಲಿನಿಯ ಕಾಲ. ಶಾಲೆಗೆ ಹೋಗುವ ಚಿಕ್ಕ ಮಗನಿಗೂ ಪಕ್ಷದ ಸಮವಸ್ತ್ರ ಹಾಕಿಸಿದರು. ಎಶರ್ 1935ರಲ್ಲಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಇಟಲಿ ಬಿಟ್ಟ. ಮರುವರ್ಷ ಸ್ಪೇನಿನ ಗ್ರನಾಡಾಕ್ಕೆ ಹೋಗಿ, ಅಲ್‌ಹಂಬ್ರಾ ಅರಮನೆಯ ಗೋಡೆಯ ಟೈಲ್ಸ್ ಎದುರು ದಿನಗಟ್ಟಲೆ ಕೂತು ಗಂಡ ಹೆಂಡತಿ ಇಬ್ಬರೂ ನಕಲು ಮಾಡಿಕೊಂಡರು. ಅಲ್ಲಿಂದ ಮುಂದಿನ ಎಶರ್ ಬೇರೆಯೇ ಮನುಷ್ಯ.

ಇಲ್ಲಿ ನನಗೆ ನಮ್ಮ ಊರು ಎದುರಿಗೆ ಬಂದು ನಿಂತಿತು. ಬೀದರಿನ ಮಹಮೂದ್ ಗವಾನನ ಮದರಸಾ ನೋಡಿದ್ದೀರಲ್ವಾ? 1472ರ ಸುಮಾರಿನದು. ಉಳಿದಿರುವ ಒಂದೇ ಮಿನಾರಿನ ಮೈಮೇಲೆ ಡೊಂಕು ಡೊಂಕಾಗಿ ಹರಿಯುವ ಟೈಲ್ಸ್ ಪಟ್ಟೆ. ಎಷ್ಟೋ ಕಡೆ ಉದುರಿದೆ. ಉದುರಿದ ಜಾಗವನ್ನೂ ನಮ್ಮ ಕಣ್ಣು ತಾನೇ ತುಂಬಿಕೊಳ್ಳುತ್ತದೆ. ಒಂದು ತುಂಡು ಗೊತ್ತಾದರೆ ಗೋಡೆಯೆಲ್ಲ ಗೊತ್ತಾಯಿತು. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಎಷ್ಟು ಸಲ ಆ ಪಟ್ಟೆ ಬರೆಸಿದ್ದೇನೋ ಲೆಕ್ಕವಿಲ್ಲ. ಎಶರ್ ಹಿಡಿದದ್ದು ಅದೇ ದಾರವನ್ನು. ಆದರೆ ಅಲ್‌ಹಂಬ್ರಾದ ಗೋಡೆಯ ಮೇಲೆ ಪ್ರಾಣಿ, ಪಕ್ಷಿ ಇಲ್ಲ, ಬರೀ ರೇಖೆ. ಅದೊಂದು ಅವನಿಗೆ ಕೊರತೆ ಅನಿಸಿತು. ಅದೇ ಟೈಲ್ಸಿನ ಜಾಗಕ್ಕೆ ಹಲ್ಲಿ ತಂದ, ಮೀನು ತಂದ, ಹಕ್ಕಿ ತಂದ. ಎರಡು ಹಕ್ಕಿಗಳ ನಡುವೆ ಬಿಟ್ಟ ಖಾಲಿ ಜಾಗವೇ ಮೂರನೆಯ ಹಕ್ಕಿ. ಬರೆದು ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ಕೊಕ್ಕು ಸರಿ ಮಾಡಿದರೆ ಪಕ್ಕದ್ದರ ರೆಕ್ಕೆ ಕೆಡುತ್ತದೆ.

ಏಳು ಮೀಟರಿನಷ್ಟು ಉದ್ದದ ಒಂದು ಚಿತ್ರವನ್ನು ದುಂಡಗೆ ಸುತ್ತಿ ಇಟ್ಟಿದ್ದಾರೆ. 'ಮೆಟಮಾರ್ಫಸಿಸ್ 3'. ಅಂದರೆ ರೂಪ ಬದಲು. ಅಕ್ಷರ ಚೌಕಗಳಾಗಿ, ಚೌಕ ಹಲ್ಲಿಯಾಗಿ, ಹಲ್ಲಿ ಜೇನುಗೂಡಾಗಿ, ಜೇನು, ಮೀನು, ಹಕ್ಕಿ, ಇಟಲಿಯ ಒಂದು ಊರು, ಆ ಊರು ಚದುರಂಗದ ಮಣೆ, ಕೊನೆಗೆ ಮತ್ತೆ ಅದೇ ಅಕ್ಷರ. ನಾನು ಮೂರು ಸುತ್ತು ಹಾಕಿದೆ. ಮಗಳು ಬೆಂಚಿನ ಮೇಲೆ ಕೂತುಬಿಟ್ಟಳು.

ಹತ್ತುತ್ತಾ ಹತ್ತುತ್ತಾ ಹೊರಟಲ್ಲಿಗೇ ಬಂದು ನಿಲ್ಲುವ ಮೆಟ್ಟಿಲಿನ ಚಿತ್ರವೂ ಇದೆ, 1960ರದು. ಗಣಿತದವರು ಅದರ ಬಗ್ಗೆ ಬಹಳ ಹೇಳುತ್ತಾರೆ. ಪಿಂಚಣಿ ಕಾಗದ ಹಿಡಿದು ಮಹಡಿಯಿಂದ ಮಹಡಿಗೆ ಅಲೆದವರಿಗೆ ಯಾರೂ ಹೇಳಿಕೊಡಬೇಕಿಲ್ಲ, ನನಗಂತೂ ನೋಡಿದ ತಕ್ಷಣ ಅರ್ಥವಾಯಿತು.

ಈ ಅಚ್ಚಿನ ವಿದ್ಯೆ ಅವನಿಗೆ ಕಲಿಸಿದವರು ಮೆಸ್ಕೀಟಾ ಎಂಬ ಗುರು. ಎಶರ್ ಮನೆ ಕಟ್ಟುವ ವಿದ್ಯೆ ಕಲಿಯಲು ಕಾಲೇಜು ಸೇರಿದ್ದ ಹುಡುಗ. ಅವನ ಚಿತ್ರ ನೋಡಿ, ನೀನು ಈ ಕಡೆ ಬಾ ಅಂತ ಎಳೆದುಕೊಂಡವರು ಅವರು. ಮೆಸ್ಕೀಟಾ ಯಹೂದಿ. 1944ರಲ್ಲಿ ನಾಜಿಗಳು ಅವರನ್ನು, ಹೆಂಡತಿಯನ್ನು ಹಿಡಿದುಕೊಂಡು ಹೋಗಿ ಆಶ್ವಿಟ್ಸ್ ಸೆರೆಶಿಬಿರದಲ್ಲಿ ಕೊಂದರು. ಎಶರ್ ಗುರುವಿನ ಮನೆಗೆ ಹೋದಾಗ ಬಾಗಿಲು ತೆರೆದಿತ್ತು, ಕಾಗದಗಳು ನೆಲದ ತುಂಬ ಬಿದ್ದಿದ್ದವು. ಸಿಕ್ಕಷ್ಟು ಬಾಚಿಕೊಂಡು ಬಂದು ಕಾಪಾಡಿದ. ಒಂದು ಹಾಳೆಯ ಮೇಲೆ ಮೊಳೆ ಹೊಡೆದ ಬೂಟಿನ ಗುರುತು ಮೂಡಿತ್ತು. ಅದನ್ನು ಕೊನೆತನಕ ತನ್ನ ಕೆಲಸದ ಕೋಣೆಯಲ್ಲೇ ಇಟ್ಟುಕೊಂಡಿದ್ದ. ಬೂಟೂ ಒಂದು ಅಚ್ಚೇ ಅಲ್ವಾ. ಈ ಕತೆ ಓದಿದ ಮೇಲೆ ಆ ದಿನ ನನಗೆ ಬೇರೆ ಏನೂ ಓದಲು ಆಗಲಿಲ್ಲ.

ಈಗ ಮರದಚ್ಚಿನ ಮಾತು. ಹಲಗೆಯ ಮೇಲೆ ಚಿತ್ರವನ್ನು ಉಲ್ಟಾ ಬರೆಯಬೇಕು, ಆಲೂಗಡ್ಡೆಯ ಹುಡುಗ ಮರೆತದ್ದು ಇದನ್ನೇ. ಯಾವುದು ಬಿಳಿ ಇರಬೇಕೋ ಅದನ್ನು ಕೊರೆದು ತೆಗೆಯಬೇಕು. ರೋಲರಿನಿಂದ ಶಾಯಿ ಹಚ್ಚಿ, ಕಾಗದ ಹಾಸಿ, ಬೆನ್ನ ಮೇಲೆ ಉಜ್ಜಬೇಕು. ಎಶರ್ ಇದಕ್ಕೆ ಮೂಳೆಯ ಒಂದು ಚಿಕ್ಕ ಚಮಚ ಬಳಸುತ್ತಿದ್ದ. ಕೊರೆದದ್ದು ಬಿಳಿ, ಬಿಟ್ಟದ್ದು ಕಪ್ಪು.

ನಮ್ಮ ಬಿದರಿ ಕೆಲಸದಲ್ಲಿ ಏನಾಗುತ್ತದೆ? ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಗೆರೆ ಕಾಣಲಿ ಅಂತ ಮೈಲುತುತ್ತ ಸವರುತ್ತಾರೆ. ಉಳಿಯಿಂದ ಕೊರೆದು, ಕೊರೆದ ಸಾಲಿಗೆ ಬೆಳ್ಳಿ ತಂತಿ ಬಡಿಯುತ್ತಾರೆ. ಆಮೇಲೆ ಕೋಟೆಯ ಮಣ್ಣು, ನವಸಾಗರ ಕಲಸಿ ಹಚ್ಚಿದರೆ ಬೆಳ್ಳಿ ಹಾಗೇ ಇರುತ್ತದೆ, ಉಳಿದ ಮೈಯೆಲ್ಲ ಕಪ್ಪು. ಇಲ್ಲೂ ಕೊರೆದದ್ದು ಬಿಳಿ, ಬಿಟ್ಟದ್ದು ಕಪ್ಪು! ಹುಟ್ಟಿದಾಗಿನಿಂದ ಬಿದರಿ ನೋಡಿದ ನನಗೆ ಇದು ಹೊಳೆಯಲು ಹೇಗ್‌ವರೆಗೂ ಹೋಗಬೇಕಾಯಿತು.

ಇನ್ನೊಂದು ಮಾತು. ಅಲ್ಲಿ ಒಬ್ಬ ಕಲಾವಿದನಿಗೆ ಒಂದು ಅರಮನೆಯೇ ಇದೆ, ನಮ್ಮಲ್ಲಿ? ಕಲಬುರಗಿಯವರೇ ಆದ ಎಸ್.ಎಂ. ಪಂಡಿತರು, 1916ರಲ್ಲಿ ಹುಟ್ಟಿದವರು, ಸಿನಿಮಾ ಪೋಸ್ಟರು, ಕ್ಯಾಲೆಂಡರು ಬರೆದು ದೇಶದ ಮನೆಮನೆಯ ಗೋಡೆ ಸೇರಿದವರು. ಅವರ ಹೆಸರಿನ ರಂಗಮಂದಿರಕ್ಕೆ ನಾವೆಲ್ಲ ಸನ್ಮಾನಕ್ಕೆ, ನಾಟಕಕ್ಕೆ ಹೋಗುತ್ತೇವೆ. ಹೊರಗೆ ಬಂದವರಲ್ಲಿ ಹತ್ತು ಜನರನ್ನು ನಿಲ್ಲಿಸಿ, ಪಂಡಿತರ ಒಂದು ಚಿತ್ರ ಹೇಳಿ ಅಂದರೆ? ನಾನು ಕೇಳಲು ಹೋಗಿಲ್ಲ, ಧೈರ್ಯವಿಲ್ಲ.

ಬರುವಾಗ ಒಂದು ಕಾರ್ಡು ತಂದಿದ್ದೆ. 1938ರ 'ಹಗಲು ಮತ್ತು ರಾತ್ರಿ'. ಬಿಳಿ ಹಕ್ಕಿಗಳು ರಾತ್ರಿಯ ಕಡೆ, ಕರಿ ಹಕ್ಕಿಗಳು ಹಗಲಿನ ಕಡೆ ಹಾರುತ್ತವೆ, ಕೆಳಗೆ ಹೊಲಗಳು. ಬೀದರಿನ ಚೌಬಾರಾ ಗೋಪುರದ ಹತ್ತಿರ, ಪರಿಚಯದ ಬಿದರಿ ಉಸ್ತಾದರಿಗೆ ತೋರಿಸಿದೆ. ಕನ್ನಡಕ ಹಣೆಗೆ ಏರಿಸಿದರು. ಕಾರ್ಡನ್ನು ತಲೆಕೆಳಗು ಮಾಡಿದರು, ಮತ್ತೆ ನೇರ ಮಾಡಿದರು. ಒಂದೊಂದೇ ಹಕ್ಕಿಯ ಮೇಲೆ ಉಗುರು ಆಡಿಸಿದರು. ನಾನು ಹೊಗಳಿಕೆ ಬರುತ್ತದೆ ಅಂತ ಕಾಯುತ್ತಿದ್ದೆ.

"ಮಾಸ್ತರ್ರೇ, ಇದರಾಗ ಬೆಳ್ಳಿ ಭಾಳ ಹೋಗ್ತದ. ಗಿರಾಕಿ ರೊಕ್ಕ ಕೊಡಂಗಿಲ್ಲ," ಅಂದರು.

ಕಾರ್ಡು ಮಾತ್ರ ವಾಪಸ್ ಕೊಡಲಿಲ್ಲ. ಬೆಳ್ಳಿ ತೂಗುವ ತಕ್ಕಡಿಯ ಹಿಂದೆ ಗೋಡೆಗೆ ಒರಗಿಸಿ ಇಟ್ಟುಕೊಂಡರು.

ನಮಸ್ಕಾರ.