ಅಪ್‌ಡೇಟ್ ಮೊದಲು ವೇಬ್ರಿಡ್ಜ್‌ಗೆ ಹೋಗಲಿ

ನಮಸ್ಕಾರ. ರಾಯಚೂರಿನ ಒಂದು ಹತ್ತಿ ಜಿನ್ನಿಂಗ್ ಮಿಲ್‌ನಲ್ಲಿ ಕಂಪ್ಯೂಟರ್‌ಗಳ ಜವಾಬ್ದಾರಿ ನನ್ನದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ. ನಮ್ಮ ಕಡೆ ಹತ್ತಿ ಮಿಲ್ಲಿಗೆ ಬರಲು ಶುರುವಾಗುವುದೂ ಹೆಚ್ಚುಕಡಿಮೆ ಆಗಲೇ. ಹಾಗಾಗಿ ಸೆಪ್ಟೆಂಬರ್‌ನಲ್ಲೇ ಎಲ್ಲ ಕಂಪ್ಯೂಟರ್‌ಗಳಿಗೂ ವಿಂಡೋಸ್ 11 ಹಾಕಿ ಮುಗಿಸಬೇಕು ಅಂತ ಹೊರಟೆ.

ಮೊದಲು ನನ್ನ ಲ್ಯಾಪ್‌ಟಾಪ್, ಆಮೇಲೆ ಮ್ಯಾನೇಜರ್ ಸಾಹೇಬರದು. ಎರಡೂ ಹೊಸವು, ಎಲ್ಲ ಚೆನ್ನಾಗಿ ನಡೆಯಿತು. ಅದನ್ನೇ ಪರೀಕ್ಷೆ ಅಂದುಕೊಂಡು ಉಳಿದವಕ್ಕೆಲ್ಲ ಒಂದೇ ರಾತ್ರಿ ಬಿಟ್ಟೆ.

ಬೆಳಿಗ್ಗೆ ಏಳಕ್ಕೆ ಫೋನ್. 'ಸರ, ತೂಕ ಬರವಲ್ದ್ರಿ.' ಲಾರಿ, ಟ್ರ್ಯಾಕ್ಟರ್ ತೂಗುವ ವೇಬ್ರಿಡ್ಜ್‌ನ ತೂಕದ ಮೀಟರ್‌ನಿಂದ ಕಂಪ್ಯೂಟರ್‌ಗೆ ಬರುವ ಸೀರಿಯಲ್ ಕೇಬಲ್ ಇದೆಯಲ್ಲ, ಅದರೊಳಗಿನ ಹಳೆಯ ಚಿಪ್ಪಿಗೆ ಹೊಸ ವಿಂಡೋಸ್‌ನಲ್ಲಿ ಡ್ರೈವರ್, ಅಂದರೆ ಅದನ್ನು ನಡೆಸುವ ಸಾಫ್ಟ್‌ವೇರ್, ಇರಲಿಲ್ಲ. ಬೇಲ್ ತುಂಬಿದ ಮೂರು ಲಾರಿ ನಿಂತುಬಿಟ್ಟವು. ಅದೇ ನವೆಂಬರ್ ಆಗಿದ್ದರೆ? ರಾತ್ರಿಯೆಲ್ಲ ಟ್ರ್ಯಾಕ್ಟರ್ ಮೇಲೆ ಮಲಗಿ ಸರದಿ ಕಾದ ರೈತರಿಗೆ ನಾನು ಏನು ಹೇಳಬೇಕಿತ್ತು? ಈಗಲೂ ನೆನೆದರೆ ಸಂಕಟವಾಗುತ್ತದೆ.

ಇದನ್ನು ಕೇಳಿ 'ಅಪ್‌ಡೇಟೇ ಬೇಡ' ಅನ್ನುವವರಿದ್ದಾರೆ. ಅದು ತಪ್ಪು. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ವೈರಸ್ ಬಂದಾಗ ಅದಕ್ಕೆ ಮದ್ದಾದ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಹಾಗಂತ ಎಲ್ಲರಿಗೂ ಒಂದೇ ಸಲ ಬಿಡುವುದೂ ಅಪಾಯ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಸೆಕ್ಯುರಿಟಿ ಕಂಪನಿ ಅಪ್‌ಡೇಟ್‌ನಲ್ಲಿ ಕಳಿಸಿದ ಒಂದು ಕೆಟ್ಟ ಫೈಲ್ ಸುಮಾರು 85 ಲಕ್ಷ ಕಂಪ್ಯೂಟರ್‌ಗಳನ್ನು ಕೆಡವಿತು.

ಅಪ್‌ಡೇಟನ್ನು ಮೊದಲು ಹಾಕಿ ನೋಡುವ ತಂಡದಲ್ಲಿ ಯಾರಿರಬೇಕು ಅನ್ನುವುದೇ ನನ್ನ ಮುಖ್ಯ ಮಾತು. ಕಂಪ್ಯೂಟರ್ ಬಲ್ಲವರಲ್ಲ, ದೊಡ್ಡ ಹುದ್ದೆಯವರೂ ಅಲ್ಲ. ಒಂದೊಂದು ಕೆಲಸದಿಂದ ಒಂದೊಂದು ಕಂಪ್ಯೂಟರ್ ಬರಬೇಕು. ವೇಬ್ರಿಡ್ಜಿನದು, ಬಿಲ್ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇರುವುದು, ಹಳೆಯ ಫಾಂಟಿನಲ್ಲಿ ಕನ್ನಡ ಪತ್ರ ಟೈಪ್ ಮಾಡುವುದು. ಅಲ್ಲಿ ಕೂರುವವರ ಪಕ್ಕದಲ್ಲೇ ಕೂತು ನೋಡಬೇಕು. ದಿನಕ್ಕೆ ನೂರು ಸಲ ಯಾವ ಕೀ ಒತ್ತುತ್ತಾರೆ ಅನ್ನುವುದು ಅವರಿಗೆ ಮಾತ್ರ ಗೊತ್ತು, ಅಲ್ವಾ?

ಇನ್ನೊಂದು ವಿಷಯ. ವಿಂಡೋಸ್ 11 ಹಾಕಿದ ಮೇಲೆ ಹಳೆಯದಕ್ಕೆ ವಾಪಸ್ ಹೋಗಲು ಸಿಗುವುದು 10 ದಿನ. ನಾನು ವೇಬ್ರಿಡ್ಜನ್ನು ಉಳಿಸಿಕೊಂಡದ್ದು ಅದರಿಂದಲೇ. ಆದರೆ ಅಕೌಂಟ್ಸ್‌ನವರ ತಿಂಗಳ ಕೊನೆಯ ಲೆಕ್ಕ ತಿಂಗಳಿಗೆ ಒಂದೇ ಸಲ ಬರುತ್ತದೆ. ಅಲ್ಲಿ ತೊಂದರೆ ಕಾಣುವ ಹೊತ್ತಿಗೆ 10 ದಿನ ಕಳೆದಿರುತ್ತದೆ. ಆ ಅವಧಿಯನ್ನು 60 ದಿನದವರೆಗೆ ಹೆಚ್ಚಿಸಲು ಒಂದು ಕಮಾಂಡ್ ಇದೆ. ಅದನ್ನು ಆ 10 ದಿನದೊಳಗೇ ಕೊಡಬೇಕು. ಡಿಸ್ಕ್‌ನಲ್ಲಿ ಜಾಗ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಚಿಪ್ ಬೇಕು. ಅದು ಇಲ್ಲದ ಹಳೆಯ ಯಂತ್ರಗಳಿಗೆ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುತ್ತೇವೆ ಅನ್ನುವವರ ಮಾತು ಕೇಳಬೇಡಿ. ದುಡ್ಡು ಕೊಟ್ಟರೆ ವಿಂಡೋಸ್ 10ಕ್ಕೇ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ. ಸಂಸ್ಥೆಗಳಿಗೆ ಮೊದಲ ವರ್ಷ ಯಂತ್ರಕ್ಕೆ 61 ಡಾಲರ್, ಆಮೇಲೆ ವರ್ಷವರ್ಷ ದುಪ್ಪಟ್ಟು. ಅಷ್ಟರಲ್ಲಿ ಹೊಸದು ಕೊಳ್ಳಲು ಮಾಲೀಕರನ್ನು ಒಪ್ಪಿಸಿ.

ವೇಬ್ರಿಡ್ಜಿಗೆ ಈಗ ಹೊಸ ಕೇಬಲ್ ಬಂದಿದೆ. ಮುಂದಿನ ಅಪ್‌ಡೇಟ್ ಈ ಭಾನುವಾರ ಮೊದಲು ಅದೇ ಕಂಪ್ಯೂಟರ್‌ಗೆ. ತೂಕ ನೋಡಲು ಒಂದು ಖಾಲಿ ಟ್ರ್ಯಾಕ್ಟರ್ ತರಿಸುತ್ತೇನೆ ಅಂತ ಆಪರೇಟರ್ ಅಣ್ಣ ಹೇಳಿದ್ದಾರೆ.