ಅಳತೆ ಒಂದೇ ಇರಲಿ, ಪುಟದ ಲೆಕ್ಕ ಬಿಡಿ ಮಾರಾಯ್ರೆ

ನಮಸ್ಕಾರ. ಹೋದ ಸಂಚಿಕೆಗೆ ಒಬ್ಬರ ಕಮೆಂಟ್: "ಎಲ್ಲ ಸರ್ಕಾರಿ ಶಾಲೆಗೂ ಒಂದೇ ಮಾನದಂಡ ಅಂದ್ರೆ ಬೆಂಗಳೂರಲ್ಲಿ ಕೂತು ಆಗುಂಬೆಗೆ ಪಾಠ ಮಾಡಿದ ಹಾಗೆ." ಲೈಕ್ ಬೇರೆ ರಾಶಿ ಬಿದ್ದಿದೆ.

ಎಂತ ಮಾತು ಮಾರಾಯ್ರೆ! ಮೂರನೇ ಕ್ಲಾಸ್ ಮುಗಿಯೋ ಹೊತ್ತಿಗೆ ಮಗುವಿಗೆ ಏನು ಬರಬೇಕು, ಅದು ಎಲ್ಲ ಕಡೆ ಒಂದೇ ಇರಲಿ. ಜುಲೈ ಎರಡನೇ ವಾರ ಎಷ್ಟನೇ ಪುಟ ಅನ್ನೋದನ್ನ ಟೀಚರಿಗೆ ಬಿಡಿ. ಇವತ್ತು ಇದೊಂದೇ ಮಾತು, ಬೇಜಾರಾದ್ರೂ ಕೇಳಿ.

ಚಿಕ್ಕ ಮಕ್ಕಳಿಗೆ ಓದು, ಲೆಕ್ಕ ಕಲಿಸೋಕೆ ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್ ಯೋಜನೆಯ ಗುರಿ ನೋಡಿ. ಮೂರನೇ ತರಗತಿ ಕೊನೆಗೆ ನಿಮಿಷಕ್ಕೆ ಕನಿಷ್ಠ 60 ಪದ ಅರ್ಥ ಮಾಡ್ಕೊಂಡು ಓದಬೇಕು, 9999ರವರೆಗೆ ಸಂಖ್ಯೆ ಓದಿ ಬರೀಬೇಕು, ಸರಳ ಗುಣಾಕಾರ ಬರಬೇಕು. ಇದರಲ್ಲಿ ಬೆಂಗಳೂರು ಎಲ್ಲಿದೆ? ಹೊಸನಗರದ ಮಗುವಿಗೆ 9999 ಬೇಡ್ವಾ?

ಹಾಂ, ಆ 60 ಪದದಲ್ಲೊಂದು ತೊಡಕಿದೆ. 'ಹೋಗಬೇಕಾಗಿತ್ತಂತೆ' ನಮಗೆ ಒಂದೇ ಪದ, ಹಿಂದಿಯಲ್ಲಿ ಅದೇ ಮೂರ್ನಾಲ್ಕು ಆಗುತ್ತೆ. ಅದಕ್ಕೇ ದೇಶದ ತುಂಬ ಮೂರನೇ ಕ್ಲಾಸಿನ ಮಕ್ಕಳ ಕಲಿಕೆ ಅಳೆದ 2022ರ ಬುನಾದಿ ಕಲಿಕಾ ಅಧ್ಯಯನದಲ್ಲಿ 20 ಭಾಷೆಗೂ ಬೇರೆ ಬೇರೆ ಮಟ್ಟ ಇಟ್ಟರು. ಕನ್ನಡಕ್ಕೆ ಕನ್ನಡದ ಮಟ್ಟ ಹಾಕಿ. ಆದ್ರೆ ಅದು ಬಳ್ಳಾರಿಗೂ ಅದೇ, ತೀರ್ಥಹಳ್ಳಿಗೂ ಅದೇ.

ಅಳೆಯೋದು ಹೇಗೆ? ಮಗು ಮೊದಲು ನೋಡಿರದ ಗದ್ಯ ಕೊಡಿ. ಪಠ್ಯಪುಸ್ತಕದ ಪಾಠ ಕೊಟ್ರೆ ಕೆಟ್ಟಿತು, ಬಾಯಿಪಾಠ ಒಪ್ಪಿಸ್ತಾವೆ. ಪುಸ್ತಕ ಮುಚ್ಚಿದ್ರೂ ಓದು ನಿಲ್ಲಲ್ಲ! ಇನ್ನೊಂದು ಪ್ರತಿ ನಿಮ್ಮ ಕೈಲಿರಲಿ. ತಪ್ಪಿದ ಪದಕ್ಕೆ ಗೆರೆ, ಒಂದು ನಿಮಿಷ ಆದಲ್ಲಿ ಗುರುತು, ಓದಿದ್ದರಲ್ಲಿ ತಪ್ಪು ಕಳೀರಿ. ಆಮೇಲೆ ನಾಲ್ಕು ಪ್ರಶ್ನೆ; ಒಂದಕ್ಕಾದ್ರೂ ಉತ್ತರ ಗದ್ಯದಲ್ಲಿ ನೇರವಾಗಿ ಇರಬಾರದು, ಯೋಚಿಸಿ ಹೇಳಬೇಕು. ಅವರವರ ಮಕ್ಕಳಿಗೆ ಅವರವರೇ ಅಂಕ ಹಾಕೋದೂ ಬೇಡ. ಕ್ಲಸ್ಟರಿನೊಳಗೆ, ಅಂದ್ರೆ ಅಕ್ಕಪಕ್ಕದ ಶಾಲೆಗಳ ಗುಂಪಿನೊಳಗೆ, ಟೀಚರುಗಳು ಆ ಒಂದು ದಿನ ಶಾಲೆ ಅದಲು ಬದಲು ಮಾಡ್ಕೊಳ್ಳಲಿ, ಆ ಗುಂಪಿನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಬಂದು ನೋಡಲಿ. ಇಲ್ಲದಿದ್ರೆ ಎಲ್ಲರೂ ನಿಪುಣರೇ, ಕಾಗದದ ಮೇಲೆ.

ಈಗ ಪುಟದ ಲೆಕ್ಕಕ್ಕೆ ಬನ್ನಿ. ಮಳೆ ಜೋರಾದ್ರೆ ರಜೆ, ಆಮೇಲೆ ಶನಿವಾರ ಮಧ್ಯಾಹ್ನ ಅದನ್ನ ತುಂಬಿಸೋ ಪಾಡು. ಐದನೇ ತರಗತಿವರೆಗಿನ ಶಾಲೆಗೆ 60 ಮಕ್ಕಳವರೆಗೆ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಕೊಡೋದೇ ಇಬ್ಬರು ಟೀಚರನ್ನ. ಒಬ್ಬರು ತಾಲ್ಲೂಕಿನ ಸಂಪನ್ಮೂಲ ಕೇಂದ್ರಕ್ಕೆ (ಬಿಆರ್‌ಸಿ) ತರಬೇತಿಗೆ ಹೋದ್ರೆ ಐದೂ ತರಗತಿ ಇನ್ನೊಬ್ಬರ ತಲೆ ಮೇಲೆ, ಬಿಸಿಯೂಟದ ಲೆಕ್ಕ ಸೇರಿಸಿ. ಅಲ್ಲಿ ವಾರಕ್ಕಿಷ್ಟು ಪುಟ ಅಂತ ಹೇರಿದ್ರೆ ಪಾಠ ಮುಗಿಯೋದು ಟಿಪ್ಪಣಿ ಪುಸ್ತಕದಲ್ಲಿ ಮಾತ್ರ. ಮಗು ತನ್ನ ವೇಗದಲ್ಲೇ ಹಂತ ಹಂತವಾಗಿ ಕಲಿಯೋ ನಲಿ-ಕಲಿ ಪದ್ಧತಿ 1995ರಲ್ಲೇ ಎಚ್.ಡಿ. ಕೋಟೆಯಲ್ಲಿ ಇದಕ್ಕೊಂದು ದಾರಿ ತೋರಿಸಿತ್ತು. ರಜೆ ಮುಗಿಸಿ ಬಂದ ಮಗು ಕಲಿಕಾ ಏಣಿಯಲ್ಲಿ ಬಿಟ್ಟ ಮೆಟ್ಟಿಲಿಂದಲೇ ಹತ್ತುತ್ತೆ. ತುದಿ ಎಲ್ಲರಿಗೂ ಒಂದೇ.

ಶಿವಮೊಗ್ಗ ಮಂಡಿಯಲ್ಲಿ ಅಡಿಕೆ ಸರಕಾ, ಬೆಟ್ಟೆಯಾ, ರಾಶಿಯಾ, ಗೊರಬಲಾ ಅಂತ ದರ್ಜೆ ನೋಡ್ತಾರೆ. ಯಾವ ವಾರ ಬೇಯಿಸಿದ್ರಿ ಅಂತ ಯಾರಾದ್ರೂ ಕೇಳ್ತಾರಾ?

"ಎಸ್ಸೆಸ್ಸೆಲ್ಸಿ ಇದೆಯಲ್ಲ ಸರ್, ಅದೇ ಮಾನದಂಡ." ಅಯ್ಯೋ! 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂತು. ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳೀತು, ಅದೂ ಕೃಪಾಂಕ ಶೇ 10ರಿಂದ 20ಕ್ಕೆ ಏರಿಸಿದ ಮೇಲೆ! ನಮ್ಮ ಶಿವಮೊಗ್ಗ ಜಿಲ್ಲೆ ಮೂರನೇ ಸ್ಥಾನ ಅಂತ ಸ್ಟೇಟಸ್ ಹಾಕಿದ್ರಿ, ಸಂತೋಷ. ಆ ಕೃಪಾಂಕ ಹಂಚೋ ಬದಲು ಮೂರನೇ ಕ್ಲಾಸಲ್ಲೇ ಒಂದು ನಿಮಿಷ ಓದಿಸಿ ನೋಡ್ರೀ!

"ಮಲೆನಾಡು ಬೇರೆ" ಅಂತೀರಿ. ಮಳೆ ಬೇರೆ ಸ್ವಾಮಿ, ಮಗ್ಗಿ ಬೇರೆಯಾ? ಆಗುಂಬೆಯಲ್ಲಿ ಏಳೆಂಟ್ಲ ಐವತ್ತನಾಲ್ಕಾ? ಅಳತೆ ಒಂದೇ ಇರಲಿ! ಪುಟ ಬಿಡಿ! ಅಷ್ಟೇ! ಕಾರಣ ಗೀರಣ ಇನ್ನು ಕೇಳ್ಬೇಡಿ, ಒಂದೇ ಇರಲಿ ಅಂದ್ರೆ ಒಂದೇ ಇರಲಿ.

ಕಮೆಂಟ್ ಹಾಕಿದ ಪುಣ್ಯಾತ್ಮರು ಚಾನೆಲ್ ಇನ್ನೂ ಸಬ್‌ಸ್ಕ್ರೈಬ್ ಮಾಡಿಲ್ಲವಂತೆ. ಮೊದಲು ಮಾಡಿ, ಗಂಟೆ ಒತ್ತಿ, ಆಮೇಲೆ ಆರಾಮಾಗಿ ಬೈಯಿರಿ. ಮುಂದಿನ ವಾರ ಐದು, ಎಂಟನೇ ಕ್ಲಾಸಿನ ಬೋರ್ಡ್ ಪರೀಕ್ಷೆ ಬಗ್ಗೆ ಮಾತಾಡೋಣ. ಅದಕ್ಕೂ ಬೈಗಳ ರೆಡಿ ಇಟ್ಕೊಳ್ಳಿ.